ತಿಪ್ಪೆಯೊಳಗಿನ ಒಲೆ

ಮಾಗಿಯ ಮುಂಜಾವಿನಲ್ಲಿ ಹೊಲದ ಹಾದಿ ಹಿಡಿದವರಿಗೆ ಈ ನೋಟ ಹೊಸದಲ್ಲ. ಎರಡು ವಾರದ ಹಿಂದೆ ಒಟ್ಟಿದ ತಿಪ್ಪೆಯನ್ನು ರೈತನೊಬ್ಬನು ಗುದ್ದಲಿ ಹಿಡಿದು ಮಗುಚಿಹಾಕುತ್ತಿರುತ್ತಾನೆ. ಮೇಲಿನ ಒಣಪದರ ಸರಿದೊಡನೆ ಒಳಗಿನಿಂದ ಬಿಳಿಯ ಹಬೆ ಏಳುತ್ತದೆ. ಸುತ್ತಲಿನ ಗರಿಕೆಯ ಮೇಲೆ ಇಬ್ಬನಿ ಇನ್ನೂ ಆರಿರುವುದಿಲ್ಲ. ತಿಪ್ಪೆಯ ಒಡಲಾದರೋ ಸ್ನಾನದ ಹಂಡೆಗಿಂತ ಬಿಸಿಯಾಗಿರುತ್ತದೆ. ಅದರೊಳಕ್ಕೆ ಕೈಯಿಟ್ಟವನು ಮರುಕ್ಷಣವೇ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಅಲ್ಲಿ ಕಿಡಿಯಿಲ್ಲ, ಕೆಂಡವಿಲ್ಲ, ಹೊಗೆಯೂ ಇಲ್ಲ. ಹಾಗಾದರೆ ಈ ಒಲೆಯನ್ನು ಹೊತ್ತಿಸಿದವರು ಯಾರು?

ಈ ಪ್ರಶ್ನೆಗೆ ಉತ್ತರ ದೊರೆತದ್ದು ತಿಪ್ಪೆಯಿಂದಲ್ಲ, ಹುಲ್ಲಿನ ಬಣವೆಯಿಂದ. ಸರಿಯಾಗಿ ಒಣಗದ ಹುಲ್ಲನ್ನು ದೊಡ್ಡ ಬಣವೆಯಾಗಿ ಒಟ್ಟಿದರೆ ಅದು ಒಳಗೊಳಗೇ ಕಾಯುತ್ತದೆ. ಕೆಲವು ವೇಳೆ ಯಾರೂ ಬೆಂಕಿಯಿಡದೆಯೇ ಹೊತ್ತಿ ಉರಿಯುವುದೂ ಉಂಟು. ಯುರೋಪಿನ ರೈತರಿಗೆ ಇದೊಂದು ಹಳೆಯ ಭಯ. ಹ್ಯೂಗೊ ಮೀಹೆ ಎಂಬ ಜರ್ಮನ್ ಸಸ್ಯವಿಜ್ಞಾನಿಯು ಈ ವಿಷಯವನ್ನು ಕೈಗೆತ್ತಿಕೊಂಡು, 1907ರಲ್ಲಿ ಹುಲ್ಲು ತಾನಾಗಿ ಕಾಯುವುದನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ಆತನ ಪ್ರಯೋಗ ಬಲು ಸರಳವಾದುದು. ಒದ್ದೆ ಹುಲ್ಲನ್ನು ಶಾಖದಿಂದ ಸಂಸ್ಕರಿಸಿ, ಅದರಲ್ಲಿದ್ದ ಸೂಕ್ಷ್ಮಜೀವಿಗಳನ್ನೆಲ್ಲ ಕೊಂದು ಇರಿಸಿದನು. ಆ ಹುಲ್ಲು ಕಾಯಲಿಲ್ಲ. ಅಂತಹುದೇ ಹುಲ್ಲಿಗೆ ಬೂಷ್ಟಿನ ಒಂದು ಜಾತಿಯನ್ನು ಬಿತ್ತಿದನು, ಹುಲ್ಲು ಬಿಸಿಯೇರತೊಡಗಿತು. ಬಿತ್ತಿದ ಬೂಷ್ಟು ಎಷ್ಟು ಉಷ್ಣತೆಯವರೆಗೆ ಬೆಳೆಯಬಲ್ಲದೋ ಹುಲ್ಲು ಹೆಚ್ಚುಕಡಿಮೆ ಅಷ್ಟೇ ಕಾಯುತ್ತಿತ್ತು. ಒಲೆಯನ್ನು ಹೊತ್ತಿಸುವವರು ಕಣ್ಣಿಗೆ ಕಾಣದ ಜೀವಿಗಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿರಲಿಲ್ಲ. ಮೀಹೆಯ ನೆನಪಿಗಾಗಿ ಶಾಖಪ್ರಿಯವಾದ ಒಂದು ಬೂಷ್ಟಿಗೆ ಮುಂದೆ ಆತನ ಹೆಸರನ್ನೇ ಇಡಲಾಯಿತು. ಗಿಣ್ಣು ತಯಾರಿಸುವ ಕಾರ್ಖಾನೆಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸಲು ಇಂದು ಆ ಬೂಷ್ಟಿನ ರಸವನ್ನು ಬಳಸುತ್ತಾರೆ.

ಜೀವಿಯಿದ್ದಲ್ಲಿ ಉಸಿರಾಟವಿದೆ; ಉಸಿರಾಟವಿದ್ದಲ್ಲಿ ಶಾಖವೂ ಇದೆ. ಓಡಿ ಬಂದ ಹುಡುಗನ ಮೈ ಬಿಸಿಯಾಗುವುದಕ್ಕೂ ತಿಪ್ಪೆ ಬಿಸಿಯಾಗುವುದಕ್ಕೂ ಕಾರಣ ಒಂದೇ. ಸಕ್ಕರೆಯಂತಹ ಪದಾರ್ಥವು ಆಮ್ಲಜನಕದೊಡನೆ ಸೇರಿ ಇಂಗಾಲದ ಡೈ ಆಕ್ಸೈಡ್ ಹಾಗೂ ನೀರು ಆಗಿ ಮಾರ್ಪಡುವಾಗ ಶಕ್ತಿ ಬಿಡುಗಡೆಯಾಗುತ್ತದೆ. ಜೀವಿಯು ಆ ಶಕ್ತಿಯ ಒಂದು ಭಾಗವನ್ನು ತನ್ನ ಬೆಳವಣಿಗೆಗೆ ಬಳಸಿಕೊಳ್ಳುತ್ತದೆ. ಅರ್ಧಕ್ಕಿಂತ ಹೆಚ್ಚಿನ ಭಾಗ ಶಾಖವಾಗಿ ಹೊರಬೀಳುತ್ತದೆ. ಒಂದು ಸೂಕ್ಷ್ಮಜೀವಿ ಬಿಡುವ ಶಾಖ ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಆದರೆ ಹಣ್ಣಾಗುತ್ತಿರುವ ಗೊಬ್ಬರದ ಒಂದು ಚಿಟಿಕೆಯಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ರಾಶಿ ದೊಡ್ಡದಾಗಿದ್ದರೆ ಹೊರಪದರವೇ ಕಂಬಳಿಯಂತೆ ಹೊದ್ದು ಈ ಶಾಖವನ್ನು ಒಳಗೇ ತಡೆದಿಡುತ್ತದೆ. ಉದ್ದ, ಅಗಲ, ಎತ್ತರಗಳು ಒಂದೊಂದು ಮೀಟರಿನಷ್ಟಾದರೂ ಇಲ್ಲದ ರಾಶಿಯಲ್ಲಿ ಹುಟ್ಟಿದ ಶಾಖ ಹುಟ್ಟಿದಂತೆಯೇ ಗಾಳಿಗೆ ಹಾರಿಹೋಗುತ್ತದೆ. ಅಂಗಳದ ಮೂಲೆಯಲ್ಲಿ ಗುಡಿಸಿಟ್ಟ ಒಂದು ಬುಟ್ಟಿ ಎಲೆ ಕೊಳೆಯುತ್ತದೆಯೇ ಹೊರತು ಕಾಯುವುದಿಲ್ಲ. ಅದಕ್ಕೆ ಇದೇ ಕಾರಣ.

ತಿಪ್ಪೆಯೊಳಗೆ ವಾಸಿಸುವುದು ಒಂದೇ ಜಾತಿಯ ಜೀವಿಯಲ್ಲ. ಅಲ್ಲಿ ನಡೆಯುವುದು ಪಾಳಿಯ ಕೆಲಸ. ಒಂದು ತಂಡದ ದುಡಿಮೆಯೇ ಇನ್ನೊಂದು ತಂಡಕ್ಕೆ ಬಾಗಿಲು ತೆರೆಯುತ್ತದೆ. ಹಸಿ ಸೊಪ್ಪು, ಹುಲ್ಲು, ಸಗಣಿಗಳನ್ನು ಒಟ್ಟಿದ ದಿನ ರಾಶಿಯ ಉಷ್ಣತೆ ಸುತ್ತಲಿನ ಗಾಳಿಯಷ್ಟೇ ಇರುತ್ತದೆ. ಆಗ ಮೊದಲು ಮೇಲುಗೈ ಪಡೆಯುವುವು ಸಾಧಾರಣ ಬೆಚ್ಚಗಿನ ಹವೆಯಲ್ಲಿ ಬಾಳುವ ಬ್ಯಾಕ್ಟೀರಿಯಾಗಳು. ಎಲೆಯ ರಸದಲ್ಲಿ ಕರಗಿರುವ ಸಕ್ಕರೆ, ಪಿಷ್ಟ, ಸಸಾರಜನಕಗಳು ಅವುಗಳ ಸುಲಭದ ಊಟ. ಅವು ಊಟಕ್ಕೆ ಕುಳಿತ ಪರಿಯನ್ನು ಆತುರವೆಂದೇ ಹೇಳಬೇಕು. ಅವುಗಳ ಸಂಖ್ಯೆ ಗಂಟೆಗಂಟೆಗೂ ಏರುತ್ತದೆ; ಅವು ಹೊರಸೂಸುವ ಆಮ್ಲಗಳಿಂದ ರಾಶಿಗೆ ಕೆಲವು ದಿನ ಹುಳಿವಾಸನೆ ಬರುತ್ತದೆ. ಎರಡು ಮೂರು ದಿನಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ತಾವೇ ಹೊತ್ತಿಸಿದ ಬೆಂಕಿಯಲ್ಲಿ ಈ ಮೊದಲ ತಂಡದವರು ಬೇಯತೊಡಗುತ್ತಾರೆ. ಹಲವು ಸಾಯುತ್ತವೆ, ಕೆಲವು ರಾಶಿಯ ತಂಪಾದ ಅಂಚಿನಲ್ಲಿ ಉಳಿದುಕೊಳ್ಳುತ್ತವೆ.

ಅದುವರೆಗೆ ಸುಪ್ತವಾಗಿದ್ದ ಮತ್ತೊಂದು ತಂಡಕ್ಕೆ ಇದೇ ಸುಕಾಲ. ಅವು ಶಾಖಪ್ರಿಯ ಜೀವಿಗಳು. ಇವುಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ಗಟ್ಟಿ ಚಿಪ್ಪಿನ ಬೀಜಕಗಳಾಗಿ ಮಣ್ಣಿನಲ್ಲಿಯೂ ಒಣಹುಲ್ಲಿನಲ್ಲಿಯೂ ವರ್ಷಗಟ್ಟಲೆ ಮಲಗಿರಬಲ್ಲವು. ಆ ನಿದ್ರೆಯನ್ನು ಕುದಿನೀರೂ ಕೆಡಿಸಲಾರದು. ಅಂತಹ ಒಂದು ಜಾತಿಯ ಬೀಜಕಗಳು ಎಷ್ಟು ಗಡುಸೆಂದರೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಶುದ್ಧಗೊಳಿಸುವ ಹಬೆಯಂತ್ರ ಸರಿಯಾಗಿ ಕೆಲಸಮಾಡುತ್ತಿದೆಯೇ ಎಂಬುದನ್ನು ಪರೀಕ್ಷಿಸಲು ಆ ಬೀಜಕಗಳನ್ನೇ ಅದರೊಳಗೆ ಇಡುತ್ತಾರೆ. ಅವು ಸತ್ತರೆ ಉಳಿದ ರೋಗಾಣುಗಳು ಬದುಕಿರಲಾರವೆಂದು ಲೆಕ್ಕ. ರಾಶಿಯು 45 ಡಿಗ್ರಿಗಿಂತ ಹೆಚ್ಚು ಕಾದಾಗ ಈ ಬೀಜಕಗಳು ಒಡೆದು ಬೆಳೆಯತೊಡಗುತ್ತವೆ. ಅವುಗಳೊಡನೆ ಶಾಖಪ್ರಿಯ ಶಿಲೀಂಧ್ರಗಳೂ, ಆಕ್ಟಿನೊಮೈಸೀಟುಗಳೆಂಬ ನೂಲಿನಂತಹ ಬ್ಯಾಕ್ಟೀರಿಯಾಗಳೂ ಎದ್ದುಬರುತ್ತವೆ. ಬಿಸಿ ತಿಪ್ಪೆಯನ್ನು ಬಗೆದಾಗ ಬೂದಿ ಎರಚಿದಂತೆ ಕಾಣುವ ಬಿಳಿಯ ಪದರವನ್ನು ಅನೇಕರು ನೋಡಿರುತ್ತಾರೆ. ಅದು ಬೂದಿಯಲ್ಲ, ಈ ಆಕ್ಟಿನೊಮೈಸೀಟುಗಳ ಎಳೆಗಳು.

ಉಷ್ಣತೆ 60 ಡಿಗ್ರಿಯನ್ನು ಮುಟ್ಟಿದಾಗ ಶಿಲೀಂಧ್ರಗಳು ಹಿಂದೆಗೆಯುತ್ತವೆ. ಕೋಶಕೇಂದ್ರವುಳ್ಳ ಯಾವ ಜೀವಿಯೂ ಸುಮಾರು 62 ಡಿಗ್ರಿಗಿಂತ ಮೇಲೆ ಬೆಳೆಯಲಾರದು; ಗಿಡ, ಪ್ರಾಣಿ, ಶಿಲೀಂಧ್ರ ಎಲ್ಲಕ್ಕೂ ಇದೇ ಗಡಿ. ಅದರಾಚೆಯ ಬಿಸಿ ಬ್ಯಾಕ್ಟೀರಿಯಾಗಳಂತಹ ಸರಳ ಜೀವಿಗಳ ಪಾಲಿಗೆ ಮೀಸಲು. ಅಮೆರಿಕದ ಯೆಲ್ಲೊಸ್ಟೋನಿನ ಬಿಸಿನೀರಿನ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿಯು ಕಂಡು, 1969ರಲ್ಲಿ ಹೆಸರಿಟ್ಟ ಥರ್ಮಸ್ ಎಂಬ ಬ್ಯಾಕ್ಟೀರಿಯಾದ ದಾಯಾದಿಗಳು 70 ಡಿಗ್ರಿ ಕಾದ ಗೊಬ್ಬರದ ರಾಶಿಗಳಲ್ಲಿಯೂ ದೊರೆತಿವೆ. ಜ್ವಾಲಾಮುಖಿಯ ನೆರೆಯಲ್ಲಿ ವಾಸಿಸುವ ಜೀವಿಯ ಬಂಧುಗಳು ತಿಪ್ಪೆಯಲ್ಲಿ ಬೀಡುಬಿಟ್ಟಿರುವುದು ಸೋಜಿಗವೇ ಸರಿ. ಆದರೆ ಬಿಸಿ ಏರಿದಷ್ಟೂ ಕೆಲಸ ಬೇಗ ಆಗುವುದೆಂದು ಎಣಿಸಬಾರದು. ಅತಿ ಹೆಚ್ಚು ಶಾಖದಲ್ಲಿ ಉಳಿಯುವ ಜಾತಿಗಳೇ ಕೆಲವು. ತಂಡ ಚಿಕ್ಕದಾದಂತೆ ಕೊಳೆಯುವಿಕೆ ಕುಂಠಿತವಾಗುತ್ತದೆ. ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಹಾಗೂ ಸಂಗಡಿಗರು 1939ರಲ್ಲಿ ಕುದುರೆಲಾಯದ ಗೊಬ್ಬರವನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಇರಿಸಿ ನೋಡಿದಾಗ, 75 ಡಿಗ್ರಿಯಲ್ಲಿ ಇಟ್ಟದ್ದಕ್ಕಿಂತ 50 ಡಿಗ್ರಿಯಲ್ಲಿ ಇಟ್ಟದ್ದೇ ಚೆನ್ನಾಗಿ ಕೊಳೆತಿತ್ತು.

ಇಷ್ಟೆಲ್ಲ ಜೀವಿಗಳು ಸೇರಿ ಮುರಿಯಬೇಕಾದುದು ಏನನ್ನು? ಸಸ್ಯದ ಒಡಲು ಒಂದು ಕೋಟೆಯಿದ್ದಂತೆ. ಗಾಳಿಗೆ ಮುರಿಯದೆ, ಮಳೆಗೆ ಕರಗದೆ ನಿಲ್ಲಬೇಕೆಂದೇ ಅದು ತನ್ನನ್ನು ಕಟ್ಟಿಕೊಂಡಿರುತ್ತದೆ. ಒಣಗಿದ ಸಸ್ಯವಸ್ತುವಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇರುವುದು ಸೆಲ್ಯುಲೋಸ್. ಹತ್ತಿಯ ನೂಲಂತೂ ಬಹುತೇಕ ಶುದ್ಧ ಸೆಲ್ಯುಲೋಸೇ. ಇದು ಗ್ಲೂಕೋಸಿನ ಸಾವಿರಾರು ಅಣುಗಳು ಸರಪಳಿಯ ಕೊಂಡಿಗಳಂತೆ ಹೆಣೆದುಕೊಂಡು ಆದದ್ದು. ಅಕ್ಕಿಯ ಪಿಷ್ಟವೂ ಗ್ಲೂಕೋಸಿನ ಸರಪಳಿಯೇ. ಆದರೂ ಅನ್ನ ಮನುಷ್ಯನಿಗೆ ಜೀರ್ಣವಾಗುತ್ತದೆ, ಹುಲ್ಲು ಆಗುವುದಿಲ್ಲ. ವ್ಯತ್ಯಾಸವಿರುವುದು ಕೊಂಡಿಗಳನ್ನು ಬೆಸೆದ ರೀತಿಯಲ್ಲಿ. ಸೆಲ್ಯುಲೋಸಿನಲ್ಲಿ ಒಂದು ಕೊಂಡಿಗೆ ಮುಂದಿನ ಕೊಂಡಿ ತಲೆಕೆಳಗಾಗಿ ಸೇರಿರುವುದರಿಂದ ಸರಪಳಿ ನೇರವಾಗಿರುತ್ತದೆ. ಅಂತಹ ಹತ್ತಾರು ಸರಪಳಿಗಳು ಒಂದಕ್ಕೊಂದು ಒತ್ತಿಕೊಂಡು ಹುರಿಯಾಗುತ್ತವೆ. ಆ ಹುರಿಯೊಳಕ್ಕೆ ನೀರು ಕೂಡ ಸುಲಭವಾಗಿ ನುಗ್ಗದು.

ಸೂಕ್ಷ್ಮಜೀವಿಗೆ ಬಾಯಿಯಿಲ್ಲ, ಹಲ್ಲಿಲ್ಲ. ತನಗಿಂತ ಎಷ್ಟೋ ಪಟ್ಟು ಉದ್ದವಾದ ಸರಪಳಿಯನ್ನು ಅದು ನುಂಗಲಾರದು. ಆದುದರಿಂದ ಅದು ಹೊಟ್ಟೆಯೊಳಗೆ ಮಾಡಬೇಕಾದ ಕೆಲಸವನ್ನು ಹೊರಗೇ ಮಾಡುತ್ತದೆ. ಕಿಣ್ವಗಳೆಂಬ ರಾಸಾಯನಿಕ ಕತ್ತರಿಗಳನ್ನು ತನ್ನ ಸುತ್ತಲಿನ ತೇವದೊಳಕ್ಕೆ ಸ್ರವಿಸುತ್ತದೆ. ಒಂದು ಬಗೆಯ ಕತ್ತರಿ ಸರಪಳಿಯನ್ನು ನಡುವೆ ತುಂಡರಿಸುತ್ತದೆ. ಇನ್ನೊಂದು ತುಂಡಿನ ತುದಿಯಿಂದ ಎರಡೆರಡು ಕೊಂಡಿಗಳನ್ನು ಕತ್ತರಿಸುತ್ತಾ ಸಾಗುತ್ತದೆ. ಮೂರನೆಯದು ಆ ಜೋಡಿಗಳನ್ನು ಬೇರ್ಪಡಿಸಿ ಬಿಡಿ ಗ್ಲೂಕೋಸನ್ನು ಮಾಡುತ್ತದೆ. ಬಿಡಿಯಾದ ಸಕ್ಕರೆಯನ್ನು ಜೀವಿ ಹೀರಿಕೊಳ್ಳುತ್ತದೆ. ಹೊರಗೆ ಮಾಡಿದ ಅಡುಗೆಯಾದ ಕಾರಣ ಪಕ್ಕದಲ್ಲಿರುವವರೂ ಕೈಹಾಕುತ್ತಾರೆ. ಸೆಲ್ಯುಲೋಸನ್ನು ಕತ್ತರಿಸಲು ಬಾರದ ಎಷ್ಟೋ ಬ್ಯಾಕ್ಟೀರಿಯಾಗಳು ಇನ್ನೊಬ್ಬರು ಕತ್ತರಿಸಿದ ಸಕ್ಕರೆಯಿಂದಲೇ ಬಾಳುತ್ತವೆ. ತಿಪ್ಪೆಯೊಳಗೆ ತೇವವೇಕೆ ಬೇಕೆಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ನೀರಿಲ್ಲದೆ ಕಿಣ್ವ ಹರಿಯಲಾರದು, ಸಕ್ಕರೆ ಕರಗಲಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ್ ಮಹೇಶ್ವರಿಯವರು ಶಾಖಪ್ರಿಯ ಶಿಲೀಂಧ್ರಗಳನ್ನೂ ಅವುಗಳ ಕಿಣ್ವಗಳನ್ನೂ ಕುರಿತು ಬಹುಕಾಲ ಸಂಶೋಧನೆ ನಡೆಸಿದರು. 2000ದಲ್ಲಿ ಅವರು ಸಹೋದ್ಯೋಗಿಗಳೊಡನೆ ಬರೆದ ವಿಮರ್ಶಾಲೇಖನವನ್ನು ಈ ವಿಷಯದಲ್ಲಿ ಆಸಕ್ತಿಯುಳ್ಳವರು ಇಂದಿಗೂ ಮೊದಲು ಓದುತ್ತಾರೆ. ಶಿಲೀಂಧ್ರಗಳ ಲಕ್ಷಾಂತರ ಜಾತಿಗಳಲ್ಲಿ ಶಾಖವನ್ನು ಬಯಸುವುವು ಕೆಲವೇ ಡಜನ್ನುಗಳು. ಸಾಮಾನ್ಯ ಕಿಣ್ವಗಳು ಮುದುರಿಹೋಗುವ ಬಿಸಿಯಲ್ಲಿಯೂ ಇವುಗಳ ಕಿಣ್ವಗಳು ಕೆಲಸ ಮಾಡುತ್ತವೆ.

ಸೆಲ್ಯುಲೋಸಿನ ಹುರಿಗಳನ್ನು ಹೆಮಿಸೆಲ್ಯುಲೋಸ್ ಎಂಬ ಮೆತ್ತನೆಯ ಬಂಧ ಸುತ್ತುವರಿದಿರುತ್ತದೆ. ಅದು ಬೇಗ ಕರಗುತ್ತದೆ. ಎಲ್ಲಕ್ಕೂ ಕಠಿಣವಾದುದು ಲಿಗ್ನಿನ್. ಕಬ್ಬಿಣದ ಸರಳುಗಳ ನಡುವೆ ಸುರಿದ ಗಾರೆಯಂತೆ ಇದು ಸೆಲ್ಯುಲೋಸಿನ ನಡುವೆ ತುಂಬಿಕೊಂಡು, ಮರಕ್ಕೆ ಮರದ ಗಟ್ಟಿತನವನ್ನು ಕೊಡುತ್ತದೆ. ಇದರಲ್ಲಿ ಒಂದೇ ಬಗೆಯ ಕೊಂಡಿಯಿಲ್ಲ. ಅಡ್ಡಾದಿಡ್ಡಿ ಹೆಣೆದ ನಾನಾ ಬಗೆಯ ಬೆಸುಗೆಗಳಿವೆ. ಒಂದೇ ಬೀಗಕ್ಕಾದರೆ ಒಂದು ಬೀಗದಕೈ ಸಾಕು. ಮನೆಯ ತುಂಬ ಬೇರೆ ಬೇರೆ ಬೀಗಗಳಿದ್ದರೆ ಬಾಗಿಲನ್ನೇ ಒಡೆಯಬೇಕಾಗುತ್ತದೆ. ಮರದ ಮೇಲೆ ಬೆಳೆಯುವ ಕೆಲವು ಅಣಬೆಗಳು ಹಾಗೆಯೇ ಮಾಡುತ್ತವೆ. ಅವುಗಳ ಕಿಣ್ವಗಳು ಆಮ್ಲಜನಕದ ನೆರವಿನಿಂದ ಲಿಗ್ನಿನ್ನನ್ನು ಗೊತ್ತುಗುರಿಯಿಲ್ಲದೆ ಸೀಳುತ್ತವೆ. ಅಂತಹ ಒಂದು ಕಿಣ್ವವನ್ನು ವಿಜ್ಞಾನಿಗಳು ಪತ್ತೆಹಚ್ಚಿದ್ದು 1983ರಲ್ಲಿ. ಆದರೆ ಆ ಅಣಬೆಗಳಿಗೆ ತಿಪ್ಪೆಯ ಬಿಸಿ ಸಹಿಸದು. ಆದ್ದರಿಂದ ಕಾದ ರಾಶಿಯಲ್ಲಿ ಲಿಗ್ನಿನ್ನಿನ ಬಹುಭಾಗ ಅರೆಬರೆಯಾಗಿ ಮುರಿದು ಉಳಿಯುತ್ತದೆ. ಹಣ್ಣಾದ ಗೊಬ್ಬರದ ಕಪ್ಪುಬಣ್ಣದಲ್ಲಿ ಈ ಉಳಿಕೆಯ ಪಾಲೂ ಇದೆ.

ಗಾಳಿ, ನೀರುಗಳಂತೆಯೇ ಊಟದ ಹದವೂ ಮುಖ್ಯ. ಸೂಕ್ಷ್ಮಜೀವಿಗೆ ಶಕ್ತಿಗಾಗಿ ಇಂಗಾಲ ಬೇಕು, ಮೈಕಟ್ಟಲು ಸಾರಜನಕವೂ ಬೇಕು. ಅದರ ದೇಹದಲ್ಲಿ ಒಂದು ಪಾಲು ಸಾರಜನಕಕ್ಕೆ ಎಂಟು ಹತ್ತು ಪಾಲು ಇಂಗಾಲವಿರುತ್ತದೆ. ಉಸಿರಾಟದಲ್ಲಿ ಅದರ ಎರಡರಷ್ಟು ಇಂಗಾಲ ವ್ಯಯವಾಗುತ್ತದೆ. ಹೀಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿರುವ ಮಿಶ್ರಣವೇ ತಿಪ್ಪೆಗೆ ಹಿತವೆಂಬ ಲೆಕ್ಕ ಬಂದಿದೆ. ಭತ್ತದ ಹುಲ್ಲಿನಲ್ಲಿ ಇಂಗಾಲದ ಪಾಲು ಇದರ ಎರಡರಷ್ಟಾಗುತ್ತದೆ. ಮರದ ಹೊಟ್ಟಿನಲ್ಲಿ ನೂರಾರು. ಹೊಂಗೆ, ಗ್ಲಿರಿಸಿಡಿಯದಂತಹ ಹಸಿಸೊಪ್ಪು, ಸಗಣಿ, ಗಂಜಲಗಳಲ್ಲಿ ಸಾರಜನಕ ಹೆಚ್ಚು. ಒಣಹುಲ್ಲನ್ನಷ್ಟೇ ಒಟ್ಟಿದರೆ ವರ್ಷ ಕಳೆದರೂ ಹುಲ್ಲು ಹುಲ್ಲಾಗಿಯೇ ಇರುತ್ತದೆ. ಹಸಿಯನ್ನಷ್ಟೇ ಒಟ್ಟಿದರೆ ಹೆಚ್ಚಾದ ಸಾರಜನಕ ಅಮೋನಿಯವಾಗಿ ಹಾರಿಹೋಗಿ ಮೂಗನ್ನು ಸುಡುತ್ತದೆ. ಮೂಗಿಗೆ ಖಾರವಾಗಿ ತಾಗುವ ಆ ವಾಸನೆ ಎಂದರೆ ಹೊಲಕ್ಕೆ ಸೇರಬೇಕಾದ ಸಾರ ಗಾಳಿಗೆ ಸೇರುತ್ತಿದೆ ಎಂದೇ ಅರ್ಥ. ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನೀರಿದ್ದರೆ ಸಾಕು. ಹಿಡಿ ಗೊಬ್ಬರವನ್ನು ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆ ಇಳಿಯಬಾರದು. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಗಾಳಿ ನಿಂತುಹೋಗಿ, ಗಾಳಿಯಿಲ್ಲದೆ ಬಾಳುವ ಬೇರೆ ಬ್ಯಾಕ್ಟೀರಿಯಾಗಳು ಆಳತೊಡಗುತ್ತವೆ. ಆಗ ಶಾಖವಿಳಿದು, ಕೊಳೆತ ಮೊಟ್ಟೆಯ ನಾತವೂ ಮೀಥೇನ್ ಅನಿಲವೂ ಹುಟ್ಟುತ್ತವೆ.

ಈ ಹದವನ್ನು ಲೆಕ್ಕಕ್ಕೆ ತಂದು ಒಂದು ಕ್ರಮವಾಗಿ ರೂಪಿಸಿದ ಕೀರ್ತಿ ಮಧ್ಯಭಾರತದ ಇಂದೋರಿಗೆ ಸಲ್ಲುತ್ತದೆ. ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ಸಸ್ಯವಿಜ್ಞಾನಿಯು 1905ರಲ್ಲಿ ಬಿಹಾರದ ಪೂಸಾ ಸಂಶೋಧನಾಲಯಕ್ಕೆ ಬಂದು, 1924ರಲ್ಲಿ ಇಂದೋರಿನ ಸಸ್ಯೋದ್ಯಮ ಸಂಸ್ಥೆಯ ನಿರ್ದೇಶಕನಾದನು. ಪತ್ನಿ ಗೇಬ್ರಿಯೆಲ್ ಸ್ವತಃ ವಿಜ್ಞಾನಿಯಾಗಿ ಆತನ ಕೆಲಸದಲ್ಲಿ ಸಮಭಾಗಿಯಾಗಿದ್ದಳು. ಕಲಿಸುವುದಕ್ಕೆಂದು ಬಂದ ಹೋವರ್ಡ್, ತನಗೆ ಪಾಠ ಹೇಳಿದ ಗುರುಗಳು ಈ ದೇಶದ ರೈತರೂ ಬೆಳೆಗೆ ಬೀಳುವ ಕೀಟಗಳೂ ಎಂದು ಹೇಳಿಕೊಳ್ಳುತ್ತಿದ್ದನು. ಆಳುವವರ ಕಡೆಯ ಅಧಿಕಾರಿಯೊಬ್ಬನ ಬಾಯಲ್ಲಿ ಅಂದು ಇಂತಹ ಮಾತು ಅಪರೂಪ.

ಆತನ ಮುಂದಿದ್ದ ತೊಡಕು ಸ್ಪಷ್ಟವಾಗಿತ್ತು. ಮಾಳವದ ಕಪ್ಪುನೆಲಕ್ಕೆ ಗೊಬ್ಬರ ಬೇಕು. ಸೌದೆಯ ಅಭಾವದಿಂದ ಸಗಣಿಯ ಬಹುಭಾಗ ಬೆರಣಿಯಾಗಿ ಒಲೆಗೆ ಹೋಗುತ್ತಿತ್ತು. ಅದೇ ಹೊಲಗಳಲ್ಲಿ ಹತ್ತಿಯ ಕಡ್ಡಿ, ತೊಗರಿಯ ಕಡ್ಡಿ, ಕಬ್ಬಿನ ರವುದಿ, ಕಳೆಗಿಡಗಳು ವ್ಯರ್ಥವಾಗುತ್ತಿದ್ದುವು. ಇರುವ ಅಲ್ಪ ಸಗಣಿಯನ್ನೇ ಹೆಪ್ಪಿನಂತೆ ಬಳಸಿ ಈ ಕಸವನ್ನೆಲ್ಲ ಗೊಬ್ಬರವಾಗಿಸಲು ಸಾಧ್ಯವೇ? ಯಶವಂತ ವಾಡ್ ಎಂಬ ಭಾರತೀಯ ಸಹೋದ್ಯೋಗಿಯೊಡನೆ ಹೋವರ್ಡ್ ಪ್ರಯೋಗಕ್ಕೆ ತೊಡಗಿದನು. ಹತ್ತಿಯ ಕಡ್ಡಿ ಬಲು ಗಡುಸು. ಅದನ್ನು ಪುಡಿಮಾಡಲು ಯಂತ್ರವನ್ನು ತರಿಸಲಿಲ್ಲ. ದಾರಿಯ ಮೇಲೆ ಹರಡಿದರು. ಓಡಾಡುವ ಬಂಡಿಗಳ ಗಾಲಿಗೆ ಸಿಕ್ಕಿ ಕಡ್ಡಿ ತಾನಾಗಿ ನುರಿಯಿತು. ಬಳಿಕ ಅದನ್ನು ಎತ್ತುಗಳ ಕಾಲಡಿ ಹಾಸಿ, ಗಂಜಲದಿಂದ ನೆನೆದದ್ದನ್ನು ಗುಂಡಿಗೆ ಸಾಗಿಸಿದರು. ಗುಂಡಿಗಳು 30 ಅಡಿ ಉದ್ದ, 14 ಅಡಿ ಅಗಲವಿದ್ದುವು. ಆಳವನ್ನು ಮಾತ್ರ ಎರಡು ಮೂರು ಅಡಿಗೆ ಮೀರಿಸಲಿಲ್ಲ, ಅದಕ್ಕಿಂತ ಕೆಳಗೆ ಗಾಳಿ ಇಳಿಯದು. ಕಸ, ಹಾಸು, ಗಂಜಲ ನೆನೆದ ಮಣ್ಣು, ಬೂದಿ, ಸಗಣಿಯ ಬಗ್ಗಡಗಳನ್ನು ಪದರಪದರವಾಗಿ ತುಂಬಿ ನೀರು ಚಿಮುಕಿಸಿದರು. ಗುಂಡಿ ಸುಮಾರು 65 ಡಿಗ್ರಿಯವರೆಗೆ ಕಾಯಿತು. ಮೂರು ಬಾರಿ ಮಗುಚಿದ ಗೊಬ್ಬರ ಮೂರು ತಿಂಗಳಲ್ಲಿ ಹದಗೊಂಡಿತು. 1931ರಲ್ಲಿ ಇಬ್ಬರೂ ಸೇರಿ ಈ ಪದ್ಧತಿಯನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. ಅದು ಲೋಕದಲ್ಲೆಲ್ಲ ಹೆಸರಾದದ್ದು ಹೋವರ್ಡನ ಹೆಸರಿನಿಂದಲ್ಲ, ಇಂದೋರ್ ಪದ್ಧತಿ ಎಂದು.

ಇಂದೋರ್ ಪದ್ಧತಿಗೆ ಆಳು ಹೆಚ್ಚು ಬೇಕು. ನಗರದ ಕಸವನ್ನೂ ಮಲವನ್ನೂ ಬೆರೆಸಿ ಪದೇಪದೇ ಮಗುಚುವ ಕೆಲಸವಂತೂ ಹೇಸಿಗೆಯದು, ಅಪಾಯದ್ದು. ಆ ಹೊರೆ ಬೀಳುತ್ತಿದ್ದುದು ಸಮಾಜವು ದೂರವಿಟ್ಟ ಬಡವರ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ಎನ್. ಆಚಾರ್ಯರು 1939ರಲ್ಲಿ ಬೇರೊಂದು ದಾರಿಯನ್ನು ಸೂಚಿಸಿದರು. ಕಂದಕದಲ್ಲಿ ಕಸ ಹಾಗೂ ಮಲವನ್ನು ಒಂದರ ಮೇಲೊಂದು ತೆಳುಪದರವಾಗಿ ಹಾಸಿ, ಕೊನೆಗೆ ಮಣ್ಣು ಮುಚ್ಚಿ ಬಿಟ್ಟುಬಿಡುವುದು. ಮೊದಲ ಕೆಲವು ದಿನ ಪದರಗಳ ನಡುವಿನ ಗಾಳಿಯ ಬಲದಿಂದ ಕಂದಕ ಕಾಯುತ್ತದೆ. ಗಾಳಿ ತೀರಿದ ಮೇಲೆ ಗಾಳಿಯೊಲ್ಲದ ಬ್ಯಾಕ್ಟೀರಿಯಾಗಳು ನಿಧಾನವಾಗಿ ಕೆಲಸವನ್ನು ಮುಂದುವರಿಸುತ್ತವೆ. ಮಗುಚುವ ಶ್ರಮವಿಲ್ಲ, ನೊಣದ ಕಾಟ ಕಡಮೆ, ಸಾರಜನಕದ ನಷ್ಟವೂ ಕಡಮೆ. ಕಾಲ ಮಾತ್ರ ಆರರಿಂದ ಎಂಟು ತಿಂಗಳು ಹಿಡಿಯುತ್ತದೆ. ಇದು ಬೆಂಗಳೂರು ಪದ್ಧತಿಯೆಂದು ಪ್ರಸಿದ್ಧವಾಗಿ, ದೇಶದ ಹಲವು ಪುರಸಭೆಗಳು ಇದನ್ನು ಅನುಸರಿಸಿದುವು. ಎರಡು ಪದ್ಧತಿಗಳಲ್ಲಿ ಯಾವುದು ಮೇಲು ಎಂದು ವಾದಿಸುವುದರಲ್ಲಿ ಅರ್ಥವಿಲ್ಲ. ಆತುರವಿದ್ದವನಿಗೆ ಒಂದು, ಆಳಿಲ್ಲದವನಿಗೆ ಇನ್ನೊಂದು.

ಬಿಸಿಯಿಂದಾಗುವ ಲಾಭ ವೇಗವೊಂದೇ ಅಲ್ಲ. ಸಗಣಿಯಲ್ಲಿಯೂ ಮಲದಲ್ಲಿಯೂ ರೋಗಾಣುಗಳಿರುತ್ತವೆ. ಮಕ್ಕಳ ಕರುಳಿನಲ್ಲಿ ಬೀಡುಬಿಟ್ಟು ರಕ್ತಬಲವನ್ನು ಕುಂದಿಸುವ ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲುದು. ಹಣ್ಣಾಗದ ಗೊಬ್ಬರ ಹಾಕಿದ ಪಾತಿಯಿಂದ ಕಿತ್ತ ಮೂಲಂಗಿ, ಕೊತ್ತಂಬರಿಗಳೊಡನೆ ಆ ಮೊಟ್ಟೆ ತಟ್ಟೆಗೆ ಬರುತ್ತದೆ. ರಾಶಿಯ ಎಲ್ಲ ಭಾಗವೂ 55 ಡಿಗ್ರಿಗಿಂತ ಮೇಲ್ಪಟ್ಟ ಬಿಸಿಯಲ್ಲಿ ಕನಿಷ್ಠ ಮೂರು ದಿನ ಇದ್ದರೆ ರೋಗಾಣುಗಳೂ ಇಂತಹ ಮೊಟ್ಟೆಗಳೂ ಬಹುಮಟ್ಟಿಗೆ ನಾಶವಾಗುತ್ತವೆ. ಕಳೆಯ ಬೀಜಗಳಲ್ಲಿಯೂ ಬಹುಪಾಲು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಇಲ್ಲಿ ‘ಎಲ್ಲ ಭಾಗವೂ’ ಎಂಬ ಮಾತು ಮುಖ್ಯವಾದುದು. ನಡುವೆ 65 ಡಿಗ್ರಿಯಿದ್ದ ರಾಶಿಯ ಅಂಚು ತಣ್ಣಗೇ ಇರುತ್ತದೆ. ಅಂಚಿನಲ್ಲಿದ್ದದ್ದು ಒಳಕ್ಕೂ ಒಳಗಿದ್ದದ್ದು ಹೊರಕ್ಕೂ ಬರುವಂತೆ ಮಗುಚದಿದ್ದರೆ ನಡುಭಾಗದಲ್ಲಿ ಸತ್ತ ರೋಗಾಣು ಅಂಚಿನಲ್ಲಿ ಬದುಕಿರುತ್ತದೆ. ಮಗುಚುವವನು ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ರಾಶಿಯ ಮೇಲೆ ತುಸು ನೀರು ಚಿಮುಕಿಸಿಕೊಂಡರೆ ಒಳ್ಳೆಯದು. ಬೂಷ್ಟು ಹಿಡಿದು ಕಾದ ಒಣಹುಲ್ಲಿನ ಧೂಳಿನಲ್ಲಿರುವ ಆಕ್ಟಿನೊಮೈಸೀಟುಗಳ ಬೀಜಕಗಳನ್ನು ಪದೇಪದೇ ಉಸಿರಾಡುವವರಿಗೆ ‘ರೈತನ ಶ್ವಾಸಕೋಶ’ವೆಂದೇ ಹೆಸರಾದ ಕಾಯಿಲೆ ಬರುವುದುಂಟು.

ಸುಲಭವಾದ ಆಹಾರ ತೀರುತ್ತಾ ಬಂದಂತೆ ಶಾಖ ಇಳಿಯುತ್ತದೆ. ಮಗುಚಿದರೂ ಮತ್ತೆ ಕಾಯದ ರಾಶಿ ಹಣ್ಣಾಗುತ್ತಿದೆ ಎಂದು ತಿಳಿಯಬೇಕು. ಅಂಚಿಗೆ ಸರಿದಿದ್ದ ಮೊದಲ ತಂಡದವರು ಹಿಂತಿರುಗುತ್ತಾರೆ; ಶಿಲೀಂಧ್ರಗಳು ಉಳಿದ ಸೆಲ್ಯುಲೋಸಿನ ಮೇಲೆ ಹಬ್ಬುತ್ತವೆ; ಎರೆಹುಳು, ಸಹಸ್ರಪದಿ, ನುಸಿಗಳೂ ಬರುತ್ತವೆ. ಒಟ್ಟಿದಾಗ ಎದೆಯೆತ್ತರವಿದ್ದ ರಾಶಿ ಸೊಂಟಕ್ಕೆ ಇಳಿದಿರುತ್ತದೆ. ಇಂಗಾಲದ ದೊಡ್ಡ ಪಾಲು ಉಸಿರಾಗಿ ಗಾಳಿಗೆ ಸೇರಿಹೋಗಿರುತ್ತದೆ. ಆಗ ಒಂದು ಹಿಡಿ ಗೊಬ್ಬರವನ್ನು ಮೂಸಿದರೆ ಮೊದಲ ಮಳೆಗೆ ನೆನೆದ ನೆಲದ ಕಂಪು ಬರುತ್ತದೆ. ಎರಡಕ್ಕೂ ಕಾರಣವಾದ ವಸ್ತು ಒಂದೇ. ಆಕ್ಟಿನೊಮೈಸೀಟುಗಳು ತಯಾರಿಸುವ ಅದಕ್ಕೆ 1965ರಲ್ಲಿ ಜಿಯೋಸ್ಮಿನ್ ಎಂಬ ಹೆಸರಿಟ್ಟರು. ಈ ಜೀವಿಗಳು ಇನ್ನೊಂದು ಉಪಕಾರವನ್ನೂ ಮಾಡಿವೆ. ಗೊಬ್ಬರದ ರಾಶಿಯನ್ನು ಅಭ್ಯಾಸ ಮಾಡಿದ್ದ ವಾಕ್ಸ್‌ಮನ್ನನ ಪ್ರಯೋಗಶಾಲೆಯಲ್ಲಿಯೇ ಆಲ್ಬರ್ಟ್ ಶಾಟ್ಜ್ ಎಂಬ ವಿದ್ಯಾರ್ಥಿಯು 1943ರಲ್ಲಿ, ಚೆನ್ನಾಗಿ ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದ ತೆಗೆದ ಆಕ್ಟಿನೊಮೈಸೀಟಿನಲ್ಲಿ ಸ್ಟ್ರೆಪ್ಟೊಮೈಸಿನ್ನನ್ನು ಕಂಡುಹಿಡಿದನು. ಕ್ಷಯರೋಗವನ್ನು ಗುಣಪಡಿಸಬಲ್ಲ ಮೊದಲ ಪ್ರತಿಜೀವಕ ಅದು.

ಮಣ್ಣಿಗೆ ಸೇರಿದ ಗೊಬ್ಬರ ಅಲ್ಲಿ ಏನಾಗುತ್ತದೆಂಬುದರ ಬಗೆಗೂ ತಿಳಿವಳಿಕೆ ಬದಲಾಗಿದೆ. ಹ್ಯೂಮಸ್ ಎಂಬುದು ಒಂದು ವಿಶೇಷವಾದ ದೈತ್ಯ ಅಣು ಎಂದು ಹಿಂದೆ ಭಾವಿಸಿದ್ದರು. ಅದು ಅರೆಮುರಿದ ಸಸ್ಯವಸ್ತುಗಳೂ ಸತ್ತ ಸೂಕ್ಷ್ಮಜೀವಿಗಳ ಅವಶೇಷಗಳೂ ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಂಡು ಆದ ಮಿಶ್ರಣವೆಂದು ಇಂದಿನ ಅನೇಕ ಮಣ್ಣುವಿಜ್ಞಾನಿಗಳು ಹೇಳುತ್ತಾರೆ. ತಿಪ್ಪೆಯಲ್ಲಿ ದುಡಿದು ಸತ್ತ ಕೋಟ್ಯಂತರ ಜೀವಿಗಳ ಒಡಲೇ ಹೊಲದ ಫಲವತ್ತತೆಯ ಒಂದು ಭಾಗವಾಗಿ ಉಳಿಯುತ್ತದೆ.

ತಿಪ್ಪೆಯ ನಿವಾಸಿಗಳಲ್ಲಿ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೆಳೆಯುವುವು ಅಲ್ಪಭಾಗ ಮಾತ್ರ. ಉಳಿದುವನ್ನು ಬೆಳೆಸದೆಯೇ, ಅವುಗಳ ಡಿ.ಎನ್.ಎ.ಯನ್ನು ನೇರವಾಗಿ ಗೊಬ್ಬರದಿಂದ ತೆಗೆದು ಓದುವ ವಿಧಾನ ಈಗ ಬಳಕೆಗೆ ಬಂದಿದೆ. ಜಪಾನಿನ ಒಸಾಕಾ ವಿಶ್ವವಿದ್ಯಾನಿಲಯದ ಸಂಶೋಧಕರು ಎಲೆ ಹಾಗೂ ರೆಂಬೆಗಳ ಗೊಬ್ಬರದಿಂದ ಹೀಗೆ ಒಂದು ಕಿಣ್ವದ ಸುಳಿವನ್ನು ಹಿಡಿದು 2012ರಲ್ಲಿ ಪ್ರಕಟಿಸಿದರು. ಎಲೆಯ ಮೇಲಿನ ಮೇಣದಂತಹ ಪೊರೆಯನ್ನು ಕತ್ತರಿಸುವ ಬಗೆಯ ಕಿಣ್ವವದು. ಅದನ್ನು ಸ್ರವಿಸುತ್ತಿದ್ದ ಜೀವಿಯನ್ನು ಅವರು ಕಂಡಿರಲಿಲ್ಲ. ನೀರಿನ ಬಾಟಲಿಗಳನ್ನು ಮಾಡುವ ಪ್ಲಾಸ್ಟಿಕ್ಕನ್ನೂ ಆ ಕಿಣ್ವ ಕತ್ತರಿಸಬಲ್ಲದೆಂಬುದು ಅವರಿಗೆ ಗೋಚರಿಸಿತು. ಫ್ರಾನ್ಸಿನ ವಿಜ್ಞಾನಿಗಳು ಅದನ್ನು ತಿದ್ದಿ ಇನ್ನಷ್ಟು ಬಲಪಡಿಸಿದರು. 2020ರಲ್ಲಿ ಅವರು ವರದಿಮಾಡಿದ ಪ್ರಕಾರ, 72 ಡಿಗ್ರಿ ಬಿಸಿಯಲ್ಲಿ ಹತ್ತು ಗಂಟೆಗಳೊಳಗೆ ಆ ಪ್ಲಾಸ್ಟಿಕ್ಕಿನ 90ರಷ್ಟು ಶೇಕಡಾ ಭಾಗ ತನ್ನ ಮೂಲ ಘಟಕಗಳಾಗಿ ಬಿಚ್ಚಿಕೊಂಡಿತು. ಆ 72 ಡಿಗ್ರಿ ಚೆನ್ನಾಗಿ ಕಾದ ತಿಪ್ಪೆಯ ಒಡಲಿಗೆ ಅಪರಿಚಿತವಾದ ಬಿಸಿಯೇನೂ ಅಲ್ಲ.